ಗೊತ್ತಿದ್ದೇ ಬಂದವರು

ನಮ್ಮ ಮನೆಯ ಕಂಪ್ಯೂಟರಿನ ಹಣೆಗೆ ಬೊಟ್ಟಿದೆ. ನಗಬೇಡಿ, ನಿಜವಾಗಿಯೂ ಇದೆ. ಪರದೆಯ ಮೇಲ್ಗಡೆ ನಡುಮಧ್ಯದಲ್ಲಿ ಸಾಸಿವೆಕಾಳಿನಷ್ಟು ಒಂದು ಕ್ಯಾಮೆರಾ ಕಣ್ಣಿರುತ್ತದಲ್ಲ, ಅದರ ಮೇಲೆ ನಾನೇ ಒಂದು ಸ್ಟಿಕರ್ ಅಂಟಿಸಿದ್ದೇನೆ. ಮರೂನ್ ಬಣ್ಣದ್ದು. ಅಂಟು ಹೋಗಿ ಅದು ಉದುರಿಬಿದ್ದ ದಿನ ನನ್ನ ಹಣೆಯದನ್ನೇ ಕಿತ್ತು ಅಲ್ಲಿಗೆ ಹಚ್ಚಿ, ನಾನು ಖಾಲಿ ಹಣೆಯಲ್ಲಿ ಕೂತು ಕೆಲಸ ಮಾಡಿದ್ದೂ ಉಂಟು. ನಮ್ಮ ಯಜಮಾನರು ಅದನ್ನು ‘ಮುತ್ತೈದೆ ಕಂಪ್ಯೂಟರ್’ ಎಂದು ಕರೆಯುತ್ತಾರೆ. ಕರೆಯಲಿ. ಆ ಕಣ್ಣಿನ ಹಿಂದೆ ಯಾರೂ ಇಲ್ಲ ಎಂದು ಅವರು ಬರೆದುಕೊಡಲಿ ನೋಡೋಣ, ಆಮೇಲೆ ಸ್ಟಿಕರ್ ತೆಗೆಯುತ್ತೇನೆ.

ನನ್ನದು ಅನುಮಾನದ ಬುದ್ಧಿ. ಅಂಗಡಿಯವರು ಬಿಲ್ಲು ಮಾಡುವಾಗ ಫೋನ್ ನಂಬರ್ ಕೇಳಿದರೆ ಒಂದು ಅಂಕಿಯನ್ನು ಬೇಕೆಂದೇ ತಪ್ಪು ಹೇಳುತ್ತೇನೆ. ಆ ನಂಬರಿನ ಪುಣ್ಯಾತ್ಮರು ಯಾರೋ, ನನ್ನ ಹೆಸರಿನಲ್ಲಿ ಬರುವ ಯುಗಾದಿ ರಿಯಾಯಿತಿಯೆಲ್ಲ ಅವರ ಪಾಲಿಗೆ ಹೋಗುತ್ತಿರಬೇಕು. ಯಾವುದೇ ಪುಟ ತೆರೆದರೂ ‘ಒಪ್ಪಿದ್ದೇನೆ’ ಎಂಬ ಗುಂಡಿ ಒತ್ತಿ ಎಂದು ಅದು ಗೋಗರೆಯುತ್ತದೆ. ಏನನ್ನು ಒಪ್ಪಬೇಕು ಎಂದು ಕೇಳಿದರೆ ಹೇಳುವವರಿಲ್ಲ. ಕಂಪ್ಯೂಟರಿನ ದಾರಿ ತಪ್ಪಿಸಲು ನಾನು ಆಗಾಗ ಸುಮ್ಮಸುಮ್ಮನೆ ‘ಬನ್ನೂರು ಕುರಿ’ ಎಂದು ಹುಡುಕುವುದುಂಟು. ಈಕೆ ಯಾರೋ ಕುರಿ ಸಾಕುವವಳು ಎಂದುಕೊಂಡು ನನ್ನ ಪಾಡಿಗೆ ನನ್ನನ್ನು ಬಿಡಲಿ ಎಂದು. ಅದರ ಫಲವಾಗಿ ಅಡುಗೆ ವಿಧಾನ ನೋಡಲು ಹೋದರೂ ಪಕ್ಕದಲ್ಲಿ ಶೆಡ್ಡಿಗೆ ಹೊದಿಸುವ ತಗಡು, ಮೇವು ಕತ್ತರಿಸುವ ಮಿಷನ್ನು ಬಂದು ನಿಲ್ಲುತ್ತವೆ. ಮನೆಯಲ್ಲಿ ಒಂದು ಕೋಳಿಯೂ ಇಲ್ಲ.

ಹುಟ್ಟುಗುಣವೇ ಎಂದು ನೀವು ಕೇಳಬಹುದು. ಇರಲಾರದು. ನಾನು ಬೆಳೆದ ತೊಂಬತ್ತರ ದಶಕದ ತಿರುಮಕೂಡಲು ನರಸೀಪುರದಲ್ಲಿ ಗುಟ್ಟು ಎಂಬುದಕ್ಕೆ ಹೆಚ್ಚು ಆಯುಷ್ಯವೇ ಇರಲಿಲ್ಲ. ಬಸ್‌ ಸ್ಟ್ಯಾಂಡಿನ ಹತ್ತಿರ ಎಸ್ಟಿಡಿ ಬೂತೊಂದಿತ್ತು. ಒಳಗೆ ಹೋಗಿ ಗಾಜಿನ ಬಾಗಿಲು ಹಾಕಿಕೊಂಡರೆ ಮಾತು ಹೊರಗೆ ಕೇಳಿಸುವುದಿಲ್ಲ ಎಂದು ನಂಬಿಕೆ. ಬೂತಿನವನು ಪೇಪರು ಅಗಲಿಸಿಕೊಂಡು ಅದರ ಹಿಂದೆ ಕೂತಿರುತ್ತಿದ್ದ. ನಮ್ಮ ಮಾತು ಮುಗಿಯುವ ತನಕ ಅವನು ಹಾಳೆ ತಿರುವಿದ್ದನ್ನು ನಾನು ನೋಡಿಲ್ಲ. ನಾವು ದುಡ್ಡು ಕೊಟ್ಟು ಮನೆ ಸೇರುವಷ್ಟರಲ್ಲಿ ಬೀದಿಯವರೇ ಎದುರು ಬಂದು, “ಚಿಕ್ಕಮ್ಮುಂಗೆ ಆಪ್ರೇಷನ್ನಂತಲ್ಲ, ಎಂಗವ್ರೆ?” ಎಂದು ಕೇಳುತ್ತಿದ್ದರು. ಆದರೂ ಆ ಊರಿನಲ್ಲಿ ಒಂದು ಮರ್ಯಾದೆಯಿತ್ತು. ಅದನ್ನು ಕಲಿಸಿದ್ದು ಅವ್ವ.

ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ನಿಮ್ಮ ಕಡೆಯೂ ಹೀಗೇ ಇರಬಹುದು. ಹಾಗೆಂದು ಕೇಳದೇ ಇರಲು ನಮ್ಮವರಿಗೆ ಸಾಧ್ಯವೇ? “ದೂರ ಒಂಟ್ರಾ?” ಎನ್ನುತ್ತಿದ್ದರು. ಅದಕ್ಕೆ “ಇಲ್ಲೇ, ಸಲ್ಪ ಕೆಲ್ಸ ಅದೆ” ಎಂದರೆ ಸಾಕು. ಆ ‘ಇಲ್ಲೇ’ ಪಕ್ಕದ ಬೀದಿಯೂ ಆಗಬಹುದು, ಮೈಸೂರಿನ ದೊಡ್ಡಾಸ್ಪತ್ರೆಯೂ ಆಗಬಹುದು. ಕೇಳಿದವರೂ ಅಷ್ಟಕ್ಕೇ ಬಿಡುತ್ತಿದ್ದರು. ಯಾರಾದರೂ ಅಪ್ಪಿತಪ್ಪಿ ಎಲ್ಲಿಗೆ ಎಂದುಬಿಟ್ಟರೆ ಅವ್ವ ಅಲ್ಲಿಂದಲೇ ತಿರುಗಿ ಮನೆಗೆ ಬಂದು, ಚಪ್ಪಲಿ ಬಿಟ್ಟು, ಜಗಲಿಯ ಮೇಲೆ ಕೂರುತ್ತಿದ್ದಳು. “ಎಲ್ಗೆ ಅಂತ ಕೇಳ್ಬುಟ್ಟ ಕಣೆ ಮುಂಡೇಮಗ, ಇನ್ನು ಓದ್ ಕೆಲ್ಸ ಆದಂಗೇ ಬುಡು” ಎಂದು ಬೈದು, ಒಂದು ಲೋಟ ನೀರು ಕುಡಿದು, ಮತ್ತೆ ಹೊಸದಾಗಿ ಹೊರಡುತ್ತಿದ್ದಳು. ಮೂಢನಂಬಿಕೆ ಎಂದು ನಾನು ನಗುತ್ತಿದ್ದೆ. ನಾನು ವಿಜ್ಞಾನ ಓದಿದವಳಲ್ಲವೇ!

ಓದಿದ ವಿಜ್ಞಾನವನ್ನೇ ಮಕ್ಕಳಿಗೆ ಪಾಠ ಮಾಡುವ ಕೆಲಸವೂ ಸಿಕ್ಕಿತು. ಊರಿಗೆ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲು. ಅಪ್ಪ ತೀರಿಕೊಂಡಿದ್ದರಿಂದ ಮನೆಯಲ್ಲಿ ಅವ್ವ, ನಾನು ಇಬ್ಬರೇ. ಅವ್ವ ನನಗೆ ಗಂಡು ಹುಡುಕುವ ಉಮೇದಿನಲ್ಲಿದ್ದಳು. ಎರಡು ಸಾವಿರದ ಒಂದೋ ಎರಡೋ ಇಸವಿ ಇರಬೇಕು, ಒಂದು ಭಾನುವಾರ ಎಣ್ಣೆನೀರು ಹಾಕಿಕೊಳ್ಳುವಾಗ ಸೊಂಟದ ಎಡಗಡೆ, ಲಂಗದ ಲಾಡಿ ಬಿಗಿಯುವ ಜಾಗದಲ್ಲಿ, ಅವರೆಕಾಳಿನಷ್ಟು ಬಿಳಿ ಮಚ್ಚೆ ಕಂಡಿತು. ಉಜ್ಜಿದೆ. ಹೋಗಲಿಲ್ಲ. ತಿಂಗಳಾಗುವಷ್ಟರಲ್ಲಿ ಅದರ ಪಕ್ಕ ಇನ್ನೊಂದು.

ಅದಕ್ಕೆ ಕನ್ನಡದಲ್ಲಿ ಒಂದು ಹೆಸರಿದೆ. ನಮ್ಮ ಮನೆಗಳಲ್ಲಿ ಆ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಬಂದುಬಿಡುತ್ತದೆ ಎನ್ನುವ ಹಾಗೆ. ಅದು ಅಂಟುವ ಕಾಯಿಲೆಯಲ್ಲ, ಚರ್ಮದ ಬಣ್ಣ ಹೋಗುತ್ತದೆ ಅಷ್ಟೇ ಎಂದು ನನಗೆ ಗೊತ್ತಿತ್ತು. ಎಂಟನೇ ಕ್ಲಾಸಿನ ಮಕ್ಕಳಿಗೆ ಅದನ್ನು ಹೇಳುವ ಧೈರ್ಯವೂ ಇತ್ತು. ನನ್ನ ಸೊಂಟಕ್ಕೇ ಬಂದಾಗ ಆ ಧೈರ್ಯ ಎಲ್ಲಿ ಹೋಯಿತೋ ಕಾಣೆ. ಅವ್ವನಿಗೆ ಹೇಳಲಿಲ್ಲ. ನರಸೀಪುರದ ಡಾಕ್ಟರ ಹತ್ತಿರ ಹೋಗುವುದಂತೂ ಸಾಧ್ಯವೇ ಇರಲಿಲ್ಲ. ಅಲ್ಲಿನ ಕಾಂಪೌಂಡರು ನಮ್ಮ ಬೀದಿಯವನು.

ಆಗ ನೆನಪಾಗಿದ್ದು ನಂಜನಗೂಡಿನ ಸೈಬರ್ ಸೆಂಟರು. ನಮ್ಮೂರಿನಲ್ಲಿ ಇರಲಿಲ್ಲವೆಂದಲ್ಲ. ನಂಜನಗೂಡಿನಲ್ಲಿ ನನ್ನನ್ನು ಬಲ್ಲವರು ಯಾರೂ ಇಲ್ಲ ಎಂಬ ಒಂದೇ ಕಾರಣಕ್ಕೆ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ. “ದೂರಾನಾ ಟೀಚ್ರೆ?” ಎಂದು ಯಾರೋ ಕೇಳಿದರು. “ಇಲ್ಲೇ” ಎಂದೆ.

ಸೈಬರಿನ ಯಜಮಾನನ ಹೆಸರು ನಾಗೇಂದ್ರ. ಮೊದಲು ಅವನದೂ ಎಸ್ಟಿಡಿ ಬೂತೇ ಆಗಿತ್ತು. ಫೋನಿಗೆ ಗಿರಾಕಿ ಕಡಿಮೆಯಾದ ಮೇಲೆ ಪ್ಲೈವುಡ್ಡಿನ ಅಡ್ಡಗೋಡೆ ಹೊಡೆಸಿ ಕಂಪ್ಯೂಟರು ಜೋಡಿಸಿದ್ದ. ಹಳೆಯ ಗಾಜಿನ ಗೂಡನ್ನು ಬಿಸಾಡಲು ಮನಸ್ಸು ಬಾರದೆ ಅದರೊಳಗೂ ಒಂದು ಕಂಪ್ಯೂಟರನ್ನು ತುರುಕಿದ್ದ. “ಲೇಡೀಸ್ಗೆ ಅಂತ್ಲೇ ಈ ಕ್ಯಾಬಿನ್ ಮಡ್ಗಿವ್ನಿ ಮೇಡಂ. ಬಾಗ್ಲು ಆಕ್ಕೊಳಿ, ಯಾರೂ ನೋಡಕಿಲ್ಲ” ಎಂದ. ಗಾಜಿನ ಬಾಗಿಲು! ಒಳಗೆ ಕೂತ ನಾನು ತಲೆಯಿಂದ ಕಾಲಿನವರೆಗೂ ಬೀದಿಗೇ ಕಾಣುತ್ತಿದ್ದೆ. ಪುಣ್ಯಕ್ಕೆ ಪರದೆ ಮಾತ್ರ ನನ್ನ ಕಡೆಗಿತ್ತು.

ಮೊದಲ ದಿನ ಅವನ ಸಹಾಯದಿಂದ ನನ್ನ ಹೆಸರಿನಲ್ಲೇ ಒಂದು ಇ-ಮೇಲ್ ವಿಳಾಸ ಮಾಡಿಕೊಂಡೆ. ಅದಕ್ಕೆಂದೇ ಬಂದವಳ ಹಾಗೆ ನಟಿಸಬೇಕಿತ್ತಲ್ಲ. ಅವನು ಆಚೆ ಹೋದ ಮೇಲೆ ಬಾಗಿಲು ಹಾಕಿಕೊಂಡು ‘ಲ್ಯೂಕೋಡರ್ಮಾ’ ಎಂದು ಹುಡುಕಲು ಕೂತೆ. ಇಂಗ್ಲಿಷಿನಲ್ಲಿ ಆ ಪದದ ಸ್ಪೆಲಿಂಗು ದೇವರಿಗೇ ಪ್ರೀತಿ. ಒಂದು ಸಲ ‘ಯು’ ಹಾಕಿದೆ, ಒಂದು ಸಲ ‘ಕೆ’ ಹಾಕಿದೆ, ಒಂದು ಸಲ ಎರಡೂ ಹಾಕಿದೆ. ಕೊನೆಗೆ ಬೇಸತ್ತು ಮಾಮೂಲಿ ಇಂಗ್ಲಿಷಿನಲ್ಲಿ ‘ಸೊಂಟದ ಮೇಲೆ ಬಿಳಿ ಮಚ್ಚೆ’ ಎಂದು ಕೇಳಿದೆ. ಉತ್ತರ ಬಂತು. ಆ ಗಾಜಿನ ಗೂಡಿನಲ್ಲಿ ಕೂತು ಓದುತ್ತಾ ಎಷ್ಟೋ ದಿನದ ಮೇಲೆ ನನಗೆ ಸ್ವಲ್ಪ ಸಮಾಧಾನವಾಯಿತು. ಇನ್ನೊಬ್ಬರ ಮುಖ ನೋಡದೆ ಪ್ರಶ್ನೆ ಕೇಳುವ ಸುಖ ಅಂಥದ್ದು.

ಎದ್ದು ಹೊರಡುವಾಗ ಮತ್ತೆ ಅನುಮಾನ ಶುರುವಾಯಿತು. ಕ್ಲಾಸು ಮುಗಿದ ಮೇಲೆ ಬೋರ್ಡು ಒರೆಸದೆ ಹೊರಗೆ ಬರುವ ಅಭ್ಯಾಸ ನನಗಿಲ್ಲ. ಇಲ್ಲಿಯೂ ಹಾಗೇನೋ ಇರಬೇಕು ಅನ್ನಿಸಿ, “ನಾನು ನೋಡಿದ್ದನ್ನೆಲ್ಲ ಒರೆಸಿಬಿಡ್ತೀರಾ ಸಾರ್?” ಎಂದು ಕೇಳಿದೆ.

“ಅದ್ಕೇನಂತೆ ಮೇಡಂ, ನೀವೋಗಿ, ನಾನು ನೀಟಾಗಿ ಒರ್ಸ್ಬುಡ್ತೀನಿ” ಎಂದ ನಾಗೇಂದ್ರ, ಡ್ರಾಯರಿನಿಂದ ಒಂದು ಹಳದಿ ಬಟ್ಟೆ ತೆಗೆದ. ಪರದೆಯ ಗಾಜಿಗೆ ಹಾ ಎಂದು ಉಸಿರು ಬಿಟ್ಟು, ಮೂಲೆಮೂಲೆಗೂ ಒರೆಸಿದ. ಕೀಬೋರ್ಡನ್ನೂ ಒರೆಸಿದ. ಮೌಸನ್ನು ಎತ್ತಿ ಅದರ ಹೊಟ್ಟೆಯನ್ನೂ ಒರೆಸಿದ. ಅದು ಯಾವುದೋ ಪದ್ಧತಿಯ ಮೊದಲ ಹಂತ, ಮಿಕ್ಕಿದ್ದನ್ನು ನಾನು ಹೋದ ಮೇಲೆ ಮಾಡುತ್ತಾನೆ ಎಂದುಕೊಂಡೆ. ನಾನು ವಿಜ್ಞಾನದ ಟೀಚರು ಎಂದು ಈಗಾಗಲೇ ಹೇಳಿದ್ದೇನೆ, ಮತ್ತೆ ನೆನಪಿಸುವುದು ಬೇಡ. ಹಣ ಕೊಟ್ಟು ನೆಮ್ಮದಿಯಾಗಿ ಬಸ್ಸು ಹತ್ತಿದೆ. ಆಮೇಲೂ ಅನೇಕ ಭಾನುವಾರ ಹೋದೆ. ಪ್ರತಿ ಸಲವೂ ಒರೆಸಿ ಎಂದೆ, ಪ್ರತಿ ಸಲವೂ ಅವನು ಶ್ರದ್ಧೆಯಿಂದ ಒರೆಸಿದ. ಆ ಊರಿನಲ್ಲಿ ಅಷ್ಟು ಚೊಕ್ಕಟವಾದ ಕಂಪ್ಯೂಟರು ಇನ್ನೊಂದಿರಲಿಲ್ಲ.

ಒಂದೇ ಒಂದು ಸಂಗತಿ ಕಾಡುತ್ತಿತ್ತು. ಒಂದು ದಿನ ರೈಲಿನ ವೇಳೆ ನೋಡೋಣವೆಂದು ಬೇರೆ ಪುಟಕ್ಕೆ ಹೋದರೆ ಅಲ್ಲಿಯೂ ಬಿಳಿ ಮಚ್ಚೆಯ ಮುಲಾಮಿನ ಜಾಹೀರಾತು ಮಿಣಮಿಣ ಎನ್ನುತ್ತಿತ್ತು. ಇನ್ನೊಂದು ಪುಟಕ್ಕೆ ಹೋದೆ, ಅಲ್ಲಿಯೂ ಅದೇ. ಕತ್ತೆತ್ತಿ ನೋಡಿದರೆ ಗಾಜಿನಾಚೆ ಕೌಂಟರಿನಲ್ಲಿ ನಾಗೇಂದ್ರ ತನ್ನ ಕಂಪ್ಯೂಟರು ನೋಡಿಕೊಂಡು ನಗುತ್ತಿದ್ದ. ಇವನೇ ಅಲ್ಲಿಂದ ಕಳಿಸುತ್ತಿದ್ದಾನೆ ಎಂದು ನನಗೆ ಗಟ್ಟಿಯಾಯಿತು. ಅವನು ಇಸ್ಪೀಟು ಆಡುತ್ತಿದ್ದ ಎಂದು ಹೊರಗೆ ಬಂದಾಗ ಕಂಡಿತು. ಆದರೂ ಅನುಮಾನ ಹೋಗಲಿಲ್ಲ.

ಅದರ ಉತ್ತರ ಸಿಕ್ಕಿದ್ದು ಮೈಸೂರಿನಲ್ಲಿ. ಹೈಸ್ಕೂಲು ಶಿಕ್ಷಕರಿಗೆಲ್ಲ ಕಂಪ್ಯೂಟರ್ ತರಬೇತಿ ಇಟ್ಟಿದ್ದರು. ಪಾಠ ಮಾಡಲು ಬಂದಿದ್ದ ಮೇಷ್ಟ್ರು ಬ್ರೌಸರ್ ಎಂದರೇನು ಎಂದು ವಿವರಿಸುತ್ತಾ, “ನೀವು ಯಾವ್ಯಾವ ಪುಟಕ್ಕೆ ಹೋದ್ರಿ ಅನ್ನೋದನ್ನೆಲ್ಲ ಇದು ಗುರುತಿಟ್ಟುಕೊಂಡಿರುತ್ತೆ. ಮುಂದಿನ ಸಲ ಒಂದೇ ಒಂದು ಅಕ್ಷರ ಒತ್ತಿ, ಸಾಕು, ಹಳೇದೆಲ್ಲ ಕೆಳಗೆ ಬಂದು ನಿಲ್ಲುತ್ತೆ. ಎಷ್ಟು ಅನುಕೂಲ ನೋಡಿ!” ಎಂದರು. ಕುಕೀ ಎಂಬುದನ್ನೂ ಹೇಳಿದರು. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನಲ್ಲಿ ಕೊಡುವ ಟೋಕನ್ನಿನ ಹಾಗಂತೆ. ವ್ಯತ್ಯಾಸ ಏನೆಂದರೆ ಈ ಟೋಕನ್ನು ನಮ್ಮ ಜೇಬಿನಲ್ಲೇ ಉಳಿಯುತ್ತದೆ, ನಾವು ಮುಂದೆ ಹೋದ ಕಡೆಯೆಲ್ಲ ಜಾಹೀರಾತಿನವರು ಜೇಬಿಗೆ ಕೈಹಾಕಿ ಅದನ್ನು ನೋಡುತ್ತಾರೆ. ಎಲ್ಲರೂ ತಲೆದೂಗಿದರು. “ಒರೆಸೋದು ಹೇಗೆ ಸಾರ್?” ಎಂದು ನಾನು ಕೇಳಿದೆ. ಅವರು ಮೆನುವಿನಲ್ಲಿ ಎಲ್ಲಿ ಒತ್ತಬೇಕೆಂದು ತೋರಿಸಿದರು. ಹಳದಿ ಬಟ್ಟೆಯ ಪ್ರಸ್ತಾಪವೇ ಬರಲಿಲ್ಲ.

ಎಲ್ಲಿಗೆ ಎಂದು ಕೇಳುವುದೇ ತಪ್ಪು ಎಂದು ತಿರುಗಿ ಬಂದು ಜಗಲಿಯ ಮೇಲೆ ಕೂರುತ್ತಿದ್ದ ತಾಯಿಯ ಮಗಳು ನಾನು. ಈ ಯಂತ್ರ ಎಲ್ಲಿಗೆ ಎಂದು ಕೇಳುವುದೂ ಇಲ್ಲ, ಸುಮ್ಮನೆ ಹಿಂದೆಯೇ ಬರುತ್ತದೆ. ಅದಕ್ಕೆ ‘ಇಲ್ಲೇ’ ಎಂದು ಹೇಳುವುದಾದರೂ ಹೇಗೆ? ಆ ದಿನ ಊಟದ ಬಿಡುವಿನಲ್ಲಿ ಪುಳಿಯೋಗರೆ ಕೊಟ್ಟಿದ್ದರು. ನಾನು ಅದನ್ನು ಬಿಟ್ಟು, ಮೆನುವಿನಲ್ಲಿ ಎಲ್ಲೆಲ್ಲಿ ಒತ್ತಬೇಕೆಂದು ಬರೆದುಕೊಳ್ಳುತ್ತಾ ಕೂತೆ.

ಮುಂದಿನ ಭಾನುವಾರ ಮೊದಲ ಬಸ್ಸಿಗೇ ನಂಜನಗೂಡಿಗೆ ಓಡಿದೆ. ಗಾಜಿನ ಗೂಡಿನಲ್ಲಿ ಯಾರೋ ಇಬ್ಬರು ಹುಡುಗಿಯರು ಕೂತು ಕಿಸಕಿಸ ನಗುತ್ತಿದ್ದರು. ನನ್ನನ್ನು ನೋಡಿ ನಕ್ಕರೋ, ತಮ್ಮಷ್ಟಕ್ಕೆ ನಕ್ಕರೋ ದೇವರೇ ಬಲ್ಲ. ಅವರು ಎದ್ದ ಮೇಲೆ ಒಳಗೆ ಹೋಗಿ ‘ಎಲ್’ ಅಕ್ಷರ ಒತ್ತಿದೆ. ನನ್ನ ಲ್ಯೂಕೋಡರ್ಮಾ ತಪ್ಪು ಸ್ಪೆಲಿಂಗುಗಳ ಪರಿವಾರ ಸಮೇತ ಕೆಳಗೆ ಬಂದು ನಿಂತಿತು. ‘ಡಬ್ಲ್ಯು’ ಒತ್ತಿದೆ. ‘ವೈಟ್’ ಜೊತೆಗೆ ಸೊಂಟವೂ ಬಂತು. ಇ-ಮೇಲಿನ ಖಾನೆ ಮುಟ್ಟಿದರೆ ನನ್ನ ಪೂರ್ತಿ ಹೆಸರು. ತರಬೇತಿಯಲ್ಲಿ ಹೇಳಿದಂತೆ ಒತ್ತಿ ಎಲ್ಲವನ್ನೂ ಅಳಿಸಿದೆ.

ಹೊರಗೆ ಬಂದು ಚಿಲ್ಲರೆಗೆ ಕಾಯುವಷ್ಟರಲ್ಲಿ ನಾಗೇಂದ್ರನಿಗೆ ಸುದ್ದಿ ಮುಟ್ಟಿತು. ನನ್ನ ನಂತರ ಗೂಡಿನಲ್ಲಿ ಕೂತವಳು ಕೂಗು ಹಾಕಿದ್ದಳು. “ಅಯ್ಯೋ ಏನ್ ಮಾಡ್ಬುಟ್ರಿ ಮೇಡಂ! ನಮ್ ಗಿರಾಕಿಗಳು ಒಬ್ರಿಗೂ ಅಡ್ರೆಸ್ ಗ್ಯಾಪ್ಕ ಇಲ್ಲ. ರಿಜಲ್ಟ್ಗೆ ಆರ್ ಒತ್ತಿ, ಬಸ್ಸಿಗೆ ಬಿ ಒತ್ತಿ ಅಂತ ಏಳ್ಕೊಟ್ಟಿದ್ದೆ. ಎಲ್ಲಾ ಓಯ್ತಲ್ಲಾ!” ಎಂದು ತಲೆ ಮೇಲೆ ಕೈಹೊತ್ತು ಕೂತ. ಹಾಗಾದರೆ ‘ಎಲ್’ ಒತ್ತಿದವರು ಎಷ್ಟು ಜನರೋ ಎಂದು ಲೆಕ್ಕ ಹಾಕುತ್ತಾ ಬಸ್ಸು ಹತ್ತಿದೆ.

ಅಲ್ಲಿಂದ ಮುಂದಿನ ದಿನಗಳನ್ನು ನೆನೆದರೆ ಈಗ ನಗು ಬರುತ್ತದೆ. ಆಗ ಬರಲಿಲ್ಲ. ಪಕ್ಕದ ಮನೆಯವರು ಅವ್ವನ ಹತ್ತಿರ, “ಮೀನು ತಿಂದು ಆಲು ಕುಡುದ್ರೆ ಮೈಮ್ಯಾಲೆ ಮಚ್ಚೆ ಬತ್ತದಂತೆ” ಎಂದರೆ ಒಳಗಿದ್ದ ನನ್ನ ಕೈಯಿಂದ ಲೋಟ ಬಿತ್ತು. ಸ್ಕೂಲಿನಲ್ಲಿ ಹಿಂದಿ ಟೀಚರು, ಬಿಳಿ ಮಚ್ಚೆಗೆ ಹಚ್ಚುತ್ತಾರಲ್ಲ ಆ ಬಾವಂಚಿ ಎಣ್ಣೆ ಚರ್ಮಕ್ಕೆ ಬಹಳ ಒಳ್ಳೆಯದು ಎಂದರು. ಯಾಕೆ ನನ್ನ ಕಡೆ ತಿರುಗಿಯೇ ಹೇಳಿದರು? ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ಟನ್ನು ಕೈಗೆ ಕೊಡದೆ ಸೀಟಿನ ಕಂಬಿಗೆ ಸಿಕ್ಕಿಸಿ ಹೋದ. ಮುಟ್ಟಲು ಹೆದರಿದನೇ? ಅವನು ಎಲ್ಲರಿಗೂ ಹಾಗೇ ಮಾಡುತ್ತಾನೆ ಎಂದು ನೋಡಿದ ಮೇಲೂ ನಂಬಲಿಲ್ಲ. ಊರೆಲ್ಲ ಒಂದು ಕಡೆ ಸೇರಿ ನನ್ನ ಸೊಂಟದ ವಿಷಯ ಮಾತಾಡುತ್ತಿದೆ ಎಂದೇ ನನ್ನ ಲೆಕ್ಕ.

ಇಂಥ ಹೊತ್ತಿನಲ್ಲಿ ಗಂಡಿನ ಕಡೆಯವರು ಬರುತ್ತಾರೆಂದು ಸುದ್ದಿ ಬಂತು. ಎಲ್ಲಿಯವರು ಎಂದರೆ ನಂಜನಗೂಡಿನವರು! ಯಾರಿಗೂ ಗೊತ್ತಾಗಬಾರದೆಂದು ಹುಡುಕಿಕೊಂಡು ಹೋದ ಊರಿನಿಂದಲೇ. ಹುಡುಗ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ತಾಯಿ ಇದ್ದಾರೆ, ಒಬ್ಬಳು ತಂಗಿ.

ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ. ಮುಚ್ಚಿಟ್ಟು ಮದುವೆಯಾಗುವುದಿಲ್ಲ. ಹುಡುಗನ ಜೊತೆ ಮಾತಾಡಲು ಬಿಟ್ಟಾಗ ನಾನೇ ಹೇಳುತ್ತೇನೆ, ಅದಕ್ಕೂ ಮೊದಲು ಅವ್ವನಿಗೆ ಹೇಳುತ್ತೇನೆ. ‘ನಿಮಗೊಂದು ವಿಷಯ ಹೇಳಬೇಕು. ಕೇಳಿದ ಮೇಲೆ ಬೇಡ ಅನ್ನಿಸಿದರೆ ಸಂಕೋಚ ಪಟ್ಟುಕೊಳ್ಳಬೇಡಿ’ ಎಂದು ಮಾತನ್ನೂ ಜೋಡಿಸಿಕೊಂಡಿದ್ದೆ. ಹೇಳಿ ಹೇಳಿ ಅಭ್ಯಾಸವಾಗಿತ್ತು. ಎಷ್ಟೋ ತಿಂಗಳಿನಿಂದ ಹೆದರಿ ಬದುಕಿದವಳಿಗೆ ಆ ಮಾತು ಜೋಡಿಸಿಕೊಂಡ ಮೇಲೆ ಬೆನ್ನು ನೆಟ್ಟಗಾಗಿತ್ತು. ಆದರೆ ಅವತ್ತು ಬೆಳಿಗ್ಗೆ ಅವ್ವ ಖುಷಿಯಾಗಿ ಕೇಸರಿಬಾತಿಗೆ ರವೆ ಹುರಿಯುತ್ತಿದ್ದಳು. ಆಮೇಲೆ ಹೇಳೋಣ, ಅವರು ಬರುವ ಮೊದಲು ಹೇಳೋಣ ಎಂದುಕೊಳ್ಳುತ್ತಿರುವಾಗಲೇ ಅವರು ಬಂದೇಬಿಟ್ಟರು.

ಹುಡುಗನ ತಾಯಿ ನೇರ ಅಡುಗೆಮನೆಗೆ ಬಂದರು. ಒಳ್ಳೆಯ ಕಳೆಯ ಮುಖ. ಅವ್ವ ತಟ್ಟೆಗೆ ಕೇಸರಿಬಾತು ಹಾಕುತ್ತಿದ್ದಳು. ಅವರು ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು: “ನೀನೇನೂ ಎದರ್ಕೋಬ್ಯಾಡ ಕಣವ್ವ. ಸೊಂಟದ್ ತಾವ ಮಚ್ಚೆ ಇರೋದು ನಮ್ಗೆ ಗೊತ್ತು. ಗೊತ್ತಿದ್ದೇ ಬಂದಿವಿ. ಅದೇನ್ ದೊಡ್ಡ ವಿಸ್ಯ, ಬುಡು.”

ಅವ್ವನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು. ಹೊರಗಿನವರ ಎದುರು ಏನೂ ಕೇಳಬಾರದೆಂದು ಮತ್ತೆ ಕೇಸರಿಬಾತು ಬಡಿಸತೊಡಗಿದಳು. ತುಂಬಿದ ತಟ್ಟೆಗೇ ಇನ್ನಷ್ಟು ಹಾಕುತ್ತಿದ್ದಳು.

ಹಿತ್ತಲಿನಲ್ಲಿ ಕರಿಬೇವಿನ ಗಿಡದ ಹತ್ತಿರ ಹುಡುಗನ ಜೊತೆ ಮಾತಾಡಲು ಬಿಟ್ಟರು. ನಾನು ಜೋಡಿಸಿಕೊಂಡಿದ್ದ ಮಾತಿನ ಮೊದಲರ್ಧ ಹೇಳಿದೆ. ಅವರು ನಕ್ಕು, “ಗೊತ್ತು, ಅದೇನೂ ಪರವಾಗಿಲ್ಲ” ಎಂದುಬಿಟ್ಟರು. “ಯಾರು ಹೇಳಿದ್ರು?” ಎಂದೆ. “ಅದ್ಯಾಕೀಗ?” ಎಂದರು. ನನಗೆ ಅಳು ಬಂತೆಂದು ಅವರು ತಿಳಿದರು, ಸಂತೋಷಕ್ಕೆ ಎಂದು. ಬಂದಿದ್ದು ಸಿಟ್ಟು. ಸೊಂಟ ಎಂಬ ಮಾತನ್ನು ನಾನು ಈ ಪ್ರಪಂಚದಲ್ಲಿ ಒಂದು ಕಂಪ್ಯೂಟರಿನ ಹತ್ತಿರ ಬಿಟ್ಟು ಇನ್ನು ಯಾರ ಹತ್ತಿರವೂ ಆಡಿರಲಿಲ್ಲ.

ಅವರು ಹೋದ ಮೇಲೆ ಅವ್ವ ಜಗಲಿಯ ಮೇಲೆ ಕೂತಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

“ಕಂಡೋರ್ಗೆಲ್ಲ ಗೊತ್ತು” ಎಂದಳು. “ನಿನ್ ಸೊಂಟ ಉಜ್ಜಿ ನೀರುಯ್ದೋಳು ನಾನು ಕಣೆ. ನಂಗೆ ಏಳ್ನಿಲ್ವಲ್ಲ.”

“ಹೇಳ್ಬೇಕು ಅಂತಿದ್ದೆ ಅವ್ವ.”

“ಊಂ, ಅಂತಿದ್ದೆ” ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಮಚ್ಚೆಯ ಬಗ್ಗೆ ಅವಳು ಒಂದು ಮಾತನ್ನೂ ಕೇಳಲಿಲ್ಲ. ಆ ದಿನ ನಾನು ಅತ್ತಷ್ಟು ಅಪ್ಪ ಸತ್ತಾಗಲೂ ಅತ್ತಿರಲಿಲ್ಲ. ನನ್ನ ಗುಟ್ಟು ಹೊರಬಿತ್ತೆಂದಲ್ಲ. ಅದನ್ನು ಅವ್ವನಿಗೆ ಹೇಳುವುದು ನನ್ನ ಪಾಲಿನ ಕೆಲಸವಾಗಿತ್ತು, ಯಾರೋ ಅದನ್ನು ಕಿತ್ತುಕೊಂಡಿದ್ದರು.

ಮದುವೆಯಾಯಿತು. ಎಲ್ಲರೂ ಅವರ ದೊಡ್ಡ ಮನಸ್ಸನ್ನು ಹೊಗಳಿದರು. ನಾನೂ ಹೊಗಳುತ್ತೇನೆ. ನಮ್ಮ ಯಜಮಾನರು ಒಳ್ಳೆಯವರು, ನನಗೆ ಅನುಮಾನವಿಲ್ಲದ ವಿಷಯ ಅದೊಂದೇ. ಆದರೆ ಯಾರು ಹೇಳಿದರು ಎಂಬುದು ಇವತ್ತಿಗೂ ಗೊತ್ತಾಗಿಲ್ಲ.

ಅತ್ತೆಯನ್ನು ಕೇಳಿದರೆ “ಯಾರೋ ಅಂದ್ರು ಕಣವ್ವ” ಎನ್ನುತ್ತಿದ್ದರು. ನಾಗೇಂದ್ರ ಇರಬಹುದೇ? ಗಂಡಿನ ಊರಿನವನೆಂದು ಮದುವೆಗೆ ಬಂದು ಗಡಿಯಾರ ಉಡುಗೊರೆ ಕೊಟ್ಟು ಹೋದ, ತಪ್ಪು ಮಾಡಿದವನೇ ಹಾಗೆ ಕೊಡುವುದು. ಕಿಸಕಿಸ ನಕ್ಕ ಆ ಹುಡುಗಿಯರೇ? ನಾದಿನಿ ಪವಿತ್ರಳ ಮೇಲೂ ಕಣ್ಣಿತ್ತು. ಆಗ ಪಿಯುಸಿ ಓದುತ್ತಿದ್ದ ಅವಳು ರಿಸಲ್ಟು ನೋಡಲು, ಅದಕ್ಕೆ ಇದಕ್ಕೆ ಎಂದು ಹೋಗುತ್ತಿದ್ದುದು ಅದೇ ನಾಗೇಂದ್ರನ ಸೈಬರಿಗೆ ಎಂದು ಮದುವೆಯಾದ ಮೇಲೆ ತಿಳಿಯಿತು. ಅವಳು ‘ಅತ್ಗೆ, ಅತ್ಗೆ’ ಎಂದು ಹಿಂದೆಮುಂದೆ ಸುತ್ತುವಾಗಲೆಲ್ಲ ಇವಳೇ ‘ಎಲ್’ ಒತ್ತಿದವಳು ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದೆ.

ನಾಲ್ಕೈದು ವರ್ಷದ ಮೇಲೆ ನಮ್ಮ ಮನೆಗೇ ಕಂಪ್ಯೂಟರು ಬಂತು, ಫೋನಿನ ಲೈನಿಗೆ ಇಂಟರ್ನೆಟ್ಟು ಬಂತು. ಪವಿತ್ರ ಅಷ್ಟರಲ್ಲಿ ಡಿಗ್ರಿ ಮುಗಿಸಿ ಫ್ಯಾಕ್ಟರಿಯೊಂದರ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದಳು. ನಾನು ಎದ್ದು ಬರುವಾಗ ಪ್ರತಿ ಸಲ ನನ್ನದನ್ನಷ್ಟೇ ಆರಿಸಿ ಅಳಿಸಿ ಬರುತ್ತಿದ್ದೆ. ಬೇರೆಯವರಿಗೆ ಆ ಅಭ್ಯಾಸವಿರಲಿಲ್ಲ. ಒಂದು ದಿನ ನಮ್ಮ ಸ್ಕೂಲಿನ ಎಸ್ಎಸ್ಎಲ್ಸಿ ಫಲಿತಾಂಶ ನೋಡಲು ಕೂತು ‘ಎಸ್’ ಒತ್ತಿದೆ. ಎಸ್ಎಸ್ಎಲ್ಸಿ ಬರುವ ಮೊದಲೇ ‘ಸ್ಪೆಷಲ್ ಮ್ಯಾರೇಜ್ ಆಕ್ಟ್’ ಬಂತು. ಅದರ ಕೆಳಗೆ ಇನ್ನೊಂದು: ಆ ಮದುವೆಗೆ ನೋಟಿಸನ್ನು ಎಲ್ಲಿ ಅಂಟಿಸುತ್ತಾರೆ ಎಂಬ ಪ್ರಶ್ನೆ.

ಯಜಮಾನರು ಮದುವೆಯಾದವರು. ಅತ್ತೆಗೆ ಮೌಸು ಎಂದರೆ ಭಯ. ಉಳಿದವಳು ಒಬ್ಬಳೇ. ಬೇರೆ ಜಾತಿಯವರು, ಬೇರೆ ಧರ್ಮದವರು ರಿಜಿಸ್ಟರ್ ಮದುವೆಯಾಗುವ ಕಾನೂನು ಅದು ಎಂದು ನನಗೆ ಗೊತ್ತಿತ್ತು. ರಿಜಿಸ್ಟ್ರಾರ್ ಕಚೇರಿಯ ಬೋರ್ಡಿಗೆ ಹುಡುಗ ಹುಡುಗಿಯ ಹೆಸರು ಅಂಟಿಸಿ ಒಂದು ತಿಂಗಳು ಬಿಡುತ್ತಾರೆಂದೂ ಗೊತ್ತಿತ್ತು. ಆ ಬೋರ್ಡಿನ ಮುಂದೆಯೇ ನಮ್ಮ ಯಜಮಾನರು ದಿನಾ ಕಾಫಿಗೆ ಹೋಗುವುದು. ಅಲ್ಲಿಗೆ ಮುಟ್ಟುವ ಮೊದಲು ಪವಿತ್ರ ಮನೆಯಲ್ಲಿ ಬಾಯಿಬಿಡಲೇಬೇಕಿತ್ತು.

ನಿಜ ಹೇಳಬೇಕೆಂದರೆ ಮೊದಲು ಒಂದು ಕ್ಷಣ ನನಗೆ ಹಿತವಾಯಿತು. ಇಷ್ಟು ವರ್ಷ ಯಾರ ಮೇಲೆ ಅನುಮಾನ ಪಟ್ಟಿದ್ದೆನೋ ಅವಳ ಗುಟ್ಟು ಈಗ ನನ್ನ ಕೈಯಲ್ಲಿ. ಆಮೇಲೆ ಅವ್ವನ ಸೌಟು ನಿಂತಿದ್ದು ಕಣ್ಣಿಗೆ ಕಟ್ಟಿತು.

ಅದೇ ವಾರ ಅತ್ತೆ ನನ್ನನ್ನು ಕರೆದು, “ಸುಮಿತ್ರ, ಇವ್ಳು ಯಾಕೋ ಊಟನೇ ಸರ್ಯಾಗ್ ಮಾಡ್ತಿಲ್ಲ. ಆ ಡಬ್ಬದಲ್ಲಿ ಎಲ್ಲಾ ಗೊತ್ತಾಯ್ತದಂತಲ್ಲ, ಇವ್ಳು ಏನ್ ನೋಡ್ತಾವ್ಳೆ ಅಂತ ಸಲ್ಪ ನೋಡವ್ವ” ಎಂದರು. ಯಾರ ಮಾತು ಕೇಳಿ ‘ಗೊತ್ತಾಯ್ತದೆ’ ಎಂದು ಇವರಿಗೆ ಗೊತ್ತಾಯಿತೋ! “ಹಾಗೆಲ್ಲ ಏನೂ ಗೊತ್ತಾಗಲ್ಲ ಅತ್ತೆ, ಅದರಲ್ಲಿ ನೋಡಿದ್ದು ಅಲ್ಲೇ ಹೋಗುತ್ತೆ” ಎಂದೆ. ಕಂಪ್ಯೂಟರಿನ ಬಗ್ಗೆ ನಾನು ಹೇಳಿದ ಅತಿ ದೊಡ್ಡ ಸುಳ್ಳು ಅದು.

ಈಗ ಪೇಚಾಟ ನನ್ನದು. ಅಳಿಸಿದರೆ ಅತ್ಗೆ ನೋಡಿಬಿಟ್ಟಿದ್ದಾಳೆ ಎಂದು ಪವಿತ್ರಳಿಗೆ ತಿಳಿಯುತ್ತದೆ. ಬಿಟ್ಟರೆ ಯಜಮಾನರು ಯಾವತ್ತಾದರೂ ಷೇರಿನ ಭಾವ ನೋಡಲು ‘ಎಸ್’ ಒತ್ತುತ್ತಾರೆ. ಯೋಚಿಸಿ ಯೋಚಿಸಿ ಫೋನಿನ ವೈರನ್ನು ಗೋಡೆಯ ಹತ್ತಿರ ಸ್ವಲ್ಪ ಎಳೆದು ಸಡಿಲ ಮಾಡಿದೆ. ಇಂಟರ್ನೆಟ್ಟು ಸತ್ತಿತು. ಯಜಮಾನರು ಕಂಪ್ಯೂಟರಿನ ಬೆನ್ನು ತಟ್ಟಿ ನೋಡಿ, ಲೈನು ಕೆಟ್ಟಿದೆ ಎಂದು ಕಂಪ್ಲೇಂಟು ಕೊಟ್ಟರು. ಲೈನ್‌ಮನ್ ಬಂದು ಸರಿಮಾಡಿ ಹೋದ. ಮತ್ತೆ ಎಳೆದೆ. ಅವನು ಮತ್ತೆ ಬಂದ. “ಇಲಿ ಕಾಟ ಅದೆ ಅನ್ಸುತ್ತೆ ಸಾ” ಎಂದು ಹೇಳಿ ಹೋದ. ಅತ್ತೆ ಇಲಿಬೋನು ತರಿಸಿ ಕಂಪ್ಯೂಟರ್ ಮೇಜಿನ ಕೆಳಗಿಟ್ಟರು.

ಒಂದು ಸಂಜೆ ಹಿತ್ತಲ ಮೆಟ್ಟಿಲ ಮೇಲೆ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದೆ. ಪವಿತ್ರ ಬಂದು ಪಕ್ಕದಲ್ಲಿ ಕೂತು ತಾನೂ ಹಿತಕತೊಡಗಿದಳು. ಸಿಪ್ಪೆಯನ್ನು ಪಾತ್ರೆಗೂ ಬೇಳೆಯನ್ನು ನೆಲಕ್ಕೂ ಹಾಕುತ್ತಿದ್ದಳು. ನಾನು ನೋಡಿಯೂ ನೋಡದವಳ ಹಾಗೆ ಇದ್ದೆ.

“ಅತ್ಗೆ, ನಿಮ್ಗೊಂದು ವಿಸ್ಯ ಏಳ್ಬೇಕು” ಎಂದಳು.

“ಏನೇ?”

ಫ್ಯಾಕ್ಟರಿಯಲ್ಲೇ ಕೆಲಸ ಮಾಡುವ ಒಬ್ಬರು, ಎರಡು ವರ್ಷದಿಂದ ಪರಿಚಯ ಎಂದಳು. “ಮೈಸೂರಿನವರಾ?” ಎಂದು ಕೇಳಿದೆ. “ಅಲ್ಲ ಅತ್ಗೆ, ಇಲ್ಲೇ ಕಳಲೆಯೋರು” ಎಂದಳು. ನಾನು ಕೆಲಸವೇನೆಂದು ಕೇಳಿದೆ, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದೆ. ಅದೆಲ್ಲ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕೊನೆಗೆ ನೆಲಕ್ಕೆ ಬಿದ್ದ ಬೇಳೆ ಆರಿಸುತ್ತಾ, “ಅವ್ರ ಮನೇಲಿ ದೇವ್ರ ಕ್ವಾಣೆ ಇಲ್ಲ ಅತ್ಗೆ. ಬುದ್ಧನ್ ಫೋಟೊ ಅದೆ” ಎಂದಳು. ಜಾತಿಯ ಹೆಸರೆತ್ತಿ ಅವಳು ಹೇಳಲಾಗದೆ ಒದ್ದಾಡುತ್ತಿದ್ದ ಮಾತು ಅದು ಎಂದು ನನಗೆ ತಿಳಿಯಿತು.

“ಹೌದಾ!” ಎಂದು ಕೈಯಲ್ಲಿದ್ದ ಕಾಳು ಬಿಟ್ಟು ಅವಳ ಕಡೆ ಪೂರ್ತಿ ತಿರುಗಿ ಕೂತೆ. ನಾಟಕದಲ್ಲಿ ಪಾರ್ಟು ಮಾಡಿದವಳಲ್ಲ ನಾನು. ಹುಬ್ಬು ಜಾಸ್ತಿ ಮೇಲೆ ಹೋಯಿತೋ ಏನೋ. ಅವಳು ಮಾತು ನಿಲ್ಲಿಸಿ ನನ್ನನ್ನೇ ದಿಟ್ಟಿಸಿದಳು. ಅನುಮಾನದ ನೋಟ ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

“ಅತ್ಗೆ, ನಿಮ್ಗೆ ಮೊದ್ಲೇ ಗೊತ್ತಿತ್ತಾ?”

“ಇಲ್ಲ ಕಣೆ. ನೀನೀಗ ಹೇಳಿದ್ಮೇಲೇ ಗೊತ್ತಾಗಿದ್ದು. ಎಲ್ಲಾ ಬಿಡಿಸಿ ಹೇಳು, ಮೊದಲಿಂದ ಹೇಳು” ಎಂದೆ.

ಪವಿತ್ರ ಕಣ್ಣೊರೆಸಿಕೊಂಡು ನನ್ನ ಹತ್ತಿರಕ್ಕೆ ಸರಿದು ಕೂತು, ಮೊದಲಿನಿಂದ ಹೇಳತೊಡಗಿದಳು.